ಅರ್ಧ ದರದ ಬ್ಯಾಟರಿ

ಯಾರಾದರೂ ಏನನ್ನಾದರೂ ಅರ್ಧ ದರಕ್ಕೆ ಕೊಡುತ್ತೇನೆಂದರೆ ನನ್ನ ಮೂಗು ಮೊದಲು ಎಚ್ಚರಾಗುತ್ತದೆ. ಹೋದ ತಿಂಗಳು ಸೊಸೆ ಶಾರದಾ ಮೊಬೈಲಿನಲ್ಲಿ ಹಳಿಯಾಳದ ಅಂಗಡಿಯೊಂದರ ಜಾಹೀರಾತು ತೋರಿಸಿದಾಗ, ಆ ಗಾಜಿನ ಹಿಂದಿನಿಂದ ಆ್ಯಸಿಡ್ಡಿನ ಹುಳಿ ವಾಸನೆ ಬಂದಂತಾಯಿತು. ಚಿತ್ರದಲ್ಲಿ ಇದ್ದದ್ದು ರೊಟ್ಟಿಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಯುಪಿಎಸ್ ಎನ್ನುತ್ತಾರೆ. ಕರೆಂಟು ಹೋದರೂ ಅದರೊಳಗಿನ ಬ್ಯಾಟರಿ ಕಂಪ್ಯೂಟರನ್ನು ಕೆಲವು ನಿಮಿಷ ನಡೆಸುತ್ತದೆ.

ಶಾರದಾ ನಮ್ಮ ದಾಂಡೇಲಿಯ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿಟ್ಟುಕೊಂಡು ಓಣಿಯವರ ಅರ್ಜಿಗಳನ್ನು ತುಂಬಿಕೊಡುತ್ತಾಳೆ. ರೇಷನ್ ಕಾರ್ಡು, ವಿದ್ಯಾರ್ಥಿವೇತನ, ಹಾಸ್ಟೆಲ್ಲು, ಪಿಂಚಣಿ. ಮಗ ಕಾಗದದ ಗಿರಣಿಯಲ್ಲಿ ಪಾಳಿಯ ಮೇಲೆ ಹೋಗುತ್ತಾನೆ. ಅವನಿಗೆ ಇದರ ಗೊಡವೆಯಿಲ್ಲ. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಮಳೆಯೇ ಬರಬೇಕೆಂದಿಲ್ಲ, ತಂತಿಯ ಮೇಲೆ ಮಂಗ ಹಾರಿದರೂ ಸಾಕು. ಅದು ಹೋದಾಗಲೆಲ್ಲ ಅರ್ಧ ತುಂಬಿದ ಅರ್ಜಿ ಗಾಳಿಗೆ ಹೋಗುತ್ತದೆ.

"ಮಾವಾರ, ನೀವು ಬ್ಯಾಟರಿಯೊಳಗ ಪಳಗಿದವರು. ಇದು ತಗೋಬಹುದೇನು, ನೀವಾ ನೋಡಿ ಹೇಳ್ರಿ" ಎಂದಳು.

ಪಳಗಿದವನು ಹೌದು. ಮ್ಯಾಟ್ರಿಕ್ ಮುಗಿಸಿದ ಮೇಲೆ ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಅಂಗಡಿಯಿಟ್ಟು ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದವನು ನಾನು. ಅಂಗಿಯ ತುದಿಗಳಲ್ಲಿ ಯಾವಾಗಲೂ ತೂತು, ಬೆರಳುಗಳಲ್ಲಿ ಯಾವಾಗಲೂ ಉರಿ. ಆದರೆ ಆ ಪಳಗುವಿಕೆ ಎಂಥದು ಎಂದು ಶಾರದೆಗೆ ಗೊತ್ತಿರಲಿಲ್ಲ. ನಿಮಗೂ ಈಗಲೇ ಹೇಳಿಬಿಡುವಷ್ಟು ಧೈರ್ಯ ನನಗಿಲ್ಲ. ಸ್ವಲ್ಪ ತಾಳಿಕೊಳ್ಳಿ.

ಇಬ್ಬರೂ ಹಳಿಯಾಳಕ್ಕೆ ಹೋದೆವು. ಅಂಗಡಿಯ ಇಮ್ತಿಯಾಜ್ ನಲವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ನಗುವ ವ್ಯಾಪಾರಿಯನ್ನು ಕಂಡರೆ ನನಗಾಗದು. ನಾನೂ ಬಹಳ ನಗುತ್ತಿದ್ದೆ. ಪೆಟ್ಟಿಗೆಯನ್ನು ಬೋರಲು ಹಾಕಿ ತಯಾರಿಕೆಯ ತಾರೀಖು ಹುಡುಕಿದೆ. ಎರಡು ವರ್ಷ ಹಳೆಯದು.

"ಇದು ಹಳೇದೈತಲ್ಲ?"

"ಹೌದ್ರಿ ಕಾಕಾ, ಅದಕ್ಕ ಅರ್ಧ ದರ. ಹೊಸಾದಿದ್ರ ನಾ ಯಾಕ ಕೊಡತಿದ್ದೆ, ನೀವೇನು ನನ್ನ ಬೀಗರಾ?"

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನ ಹೊಟ್ಟೆಯಲ್ಲಿ ಇನ್ನೇನೋ ಇರಲೇಬೇಕು ಎಂದುಕೊಂಡೆ. ಅವನು ಪೆಟ್ಟಿಗೆಗೆ ಒಂದು ಬಲ್ಬು ಜೋಡಿಸಿ, ಗೋಡೆಯ ಪ್ಲಗ್ಗು ಕಿತ್ತು, "ಉರೀಲಿ. ಅಲ್ಲೀತನಕ ಚಹಾ ಕುಡೀರಿ, ತರಸ್ತೇನಿ" ಎಂದ.

ಚಹಾ ಎಂದ ಕೂಡಲೇ ನನ್ನ ಅನುಮಾನ ಗಟ್ಟಿಯಾಯಿತು. ನಾನು ಮೊಣಕಾಲೂರಿ ಮೇಜಿನ ಕೆಳಗೆ ತಲೆ ಹಾಕಿದೆ. ಗೋಡೆಯ ಅಂಚು ಸವರಿದೆ. ಚಾಪೆ ಎತ್ತಿದೆ.

"ಕಾಕಾ, ಏನು ಹುಡುಕಾಕತ್ತೀರಿ? ಹಲ್ಲಿನ ಸೆಟ್ ಬಿತ್ತೇನು?"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಶಾರದಾ ನಾಚಿ ಬಾಗಿಲ ಕಡೆ ನೋಡಿದಳು. ಮೇಜಿನ ಕೆಳಗೆ ಧೂಳು ಮತ್ತು ಒಂದು ಪೆನ್ನಿನ ಮುಚ್ಚಳ ಬಿಟ್ಟರೆ ಏನೂ ಇರಲಿಲ್ಲ. ಆದರೂ ನಾನು ಎದ್ದು ನಿಂತು, "ಬ್ಯಾಡ, ನಡಿ ಹೋಗೂಣು" ಎಂದುಬಿಟ್ಟೆ. ಬಸ್ಸಿನಲ್ಲಿ ನಾನು ಕಾಡು ಶುರುವಾಗುವ ತನಕ ಜಗತ್ತಿನ ಕಳ್ಳತನಗಳ ಬಗ್ಗೆ ಉಪದೇಶ ಮಾಡಿದೆ. ಬಾಳೆಹಣ್ಣಿನ ಗೊನೆಯ ಒಳಮುಖದಲ್ಲಿ ಕೊಳೆತ ಹಣ್ಣಿರುತ್ತದೆ, ರಿಯಾಯಿತಿಯ ಸೀರೆಯ ಸೆರಗಿನಲ್ಲಿ ತೂತಿರುತ್ತದೆ, ಹೀಗೆ. ಮುದುಕರ ಅನುಮಾನವನ್ನು ಜನ ಅನುಭವ ಎಂದು ಕರೆಯುತ್ತಾರೆ. ಅದೊಂದು ಅನುಕೂಲ.

ಇದಾಗಿ ವಾರ ಕಳೆದಿರಬಹುದು. ಗಿರಣಿಯಲ್ಲಿ ದಿನಗೂಲಿ ಮಾಡುವವನ ಹೆಂಡತಿ ಯಲ್ಲವ್ವ, ಮಗಳ ಹಾಸ್ಟೆಲ್ ಅರ್ಜಿ ತುಂಬಿಸಲು ಬಂದಳು. ಅಂದೇ ಕಡೆಯ ದಿನ, ಸಂಜೆ ಐದಕ್ಕೆ ಮುಕ್ತಾಯ. ಶಾರದಾ ಒಂದೊಂದೇ ಕಾಗದ ಏರಿಸಿ, ಕೊನೆಯ ಪುಟಕ್ಕೆ ಬಂದಿದ್ದಳು. ಐದಕ್ಕೆ ಹತ್ತು ನಿಮಿಷವಿತ್ತು. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು, ಅಷ್ಟೇ. ಫ್ಯಾನು ನಿಲ್ಲುವುದರೊಳಗೆ ಮರಳಿ ಬಂತು. ಆದರೆ ಕಂಪ್ಯೂಟರು ಸತ್ತು ಹುಟ್ಟಿ, ಮತ್ತೆ ಮೊದಲಿನಿಂದ ತುಂಬುವಷ್ಟರಲ್ಲಿ ಐದು ದಾಟಿ ಅರ್ಜಿಯ ಬಾಗಿಲು ಮುಚ್ಚಿತ್ತು.

ಶಾರದಾ ತಲೆ ಹಿಡಿದುಕೊಂಡು ಕೂತಳು. ಯಲ್ಲವ್ವ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತ, ತಾನೇ ಸಮಾಧಾನ ಹೇಳಿದಳು.

"ಇರ್ಲಿ ಬಿಡವಾ. ನಾನಾ ತಡಾ ಮಾಡಿ ಬಂದ್ನಿ. ತಪ್ಪು ನಂದಾ."

ನಾನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಇದೇ ಮಾತನ್ನು ಇದೇ ದನಿಯಲ್ಲಿ ಒಮ್ಮೆ ನಾನು ಕೇಳಿದ್ದೆ.

ಅವಳು ಹೋದ ಮೇಲೆ ಶಾರದಾ ನನ್ನತ್ತ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ಮಾವಾರ, ನಿಮಗ ಯಾರು ಅಷ್ಟು ದೊಡ್ಡ ಮೋಸ ಮಾಡ್ಯಾರ? ಯಾರನ್ನೂ ನಂಬದಂಗ?"

"ನನಗ ಯಾರೂ ಮಾಡಿಲ್ಲವಾ. ನಾ ಮಾಡೀನಿ" ಎಂದೆ.

ಅವಳಿಗೆ ಹೇಳಿದ್ದನ್ನು ಈಗ ನಿಮಗೂ ಹೇಳುತ್ತೇನೆ. ಹಳೆಯ, ಸೋತ ಬ್ಯಾಟರಿಗಳನ್ನು ಗ್ಯಾರೇಜುಗಳಿಂದ ತಂದು, ಅವುಗಳ ತಾರೀಖನ್ನು ಅರದಿಂದ ತಿಕ್ಕಿ ಅಳಿಸಿ, ಗಟ್ಟಿ ಆ್ಯಸಿಡ್ಡು ಸುರಿದು, ಬಣ್ಣ ಬಳಿದು, 'ಸ್ವಲ್ಪ ಉಪಯೋಗಿಸಿದ್ದು' ಎಂದು ಅರ್ಧ ದರಕ್ಕೆ ಮಾರುತ್ತಿದ್ದೆ. ನಮ್ಮ ಕಡೆ ಬ್ಯಾಟರಿ ಕೊಳ್ಳುವವರಿಗೆ ಒಂದು ಪದ್ಧತಿಯಿತ್ತು. ಮೋಟಾರಿನ ದೊಡ್ಡ ಬಲ್ಬು ಹಚ್ಚಿ, ಒಂದು ಚಹಾ ಕುಡಿದು ಮುಗಿಯುವ ತನಕ ಅದು ಮಂಕಾಗದಿದ್ದರೆ ಬ್ಯಾಟರಿ ಗಟ್ಟಿ. ಆ ಚಹಾ ತರಿಸುತ್ತಿದ್ದವನು ನಾನೇ. ಮೇಜಿನ ಕೆಳಗೆ, ಚಾಪೆಯಡಿ, ಚಾರ್ಜರಿನ ತಂತಿಯೂ ಬ್ಯಾಟರಿಗೆ ಸೇರಿರುತ್ತಿತ್ತು. ಎರಡು ಚಹಾ ಕುಡಿದರೂ ಬಲ್ಬು ಝಗಝಗ.

ಹಾಗೆ ಕೊಂಡವರಲ್ಲಿ ಜೊಯಿಡಾದ ಕಡೆಯ ವಿಠೋಬಾ ಒಬ್ಬ. ಅವರ ಹಳ್ಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಮಗಳು ಹತ್ತನೆಯ ಇಯತ್ತೆಯಲ್ಲಿದ್ದಳು. ಅವಳು ಓದುವ ದೀಪಕ್ಕೆಂದು ಒಯ್ದ. ತಿಂಗಳೊಳಗೆ ಅದನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತು ಮರಳಿ ತಂದ. ಜೊತೆಗೆ ಮಗಳೂ ಬಂದಿದ್ದಳು, ಎರಡು ಜಡೆಯ ಹುಡುಗಿ.

ನಾನು ಮುಚ್ಚಳಗಳನ್ನು ಬಿಚ್ಚಿ ನೋಡಿದೆ. ಆಗಾಗ ನೀರು ಹಾಕದಿದ್ದರೆ ಬ್ಯಾಟರಿ ಕೆಡುತ್ತದೆ. ಇದರಲ್ಲಿ ನೀರು ಒಳಗಿನ ಎಲ್ಲ ಮನೆಗಳಲ್ಲೂ ಗುರುತಿನ ಮಟ್ಟಕ್ಕೆ ಸರಿಯಾಗಿತ್ತು. ಅಷ್ಟು ಒಪ್ಪವಾಗಿ ನೀರು ಹಾಕಿದ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಒಳಗಿನ ಸೀಸದ ಫಲಕಗಳು ಮಾತ್ರ ಬೆಳ್ಳಗೆ ಸತ್ತಿದ್ದವು. ಅವನು ಬಗ್ಗಿ ನೋಡುವುದರೊಳಗೆ ಮುಚ್ಚಳ ಹಾಕಿಬಿಟ್ಟೆ.

"ನೀರು ಹಾಕೇ ಇಲ್ಲ ನೋಡ್ರಿ. ಯಾರು ಹಾಕ್ತಿದ್ರು?"

"ಬಾಬಾ, ನಾ ಹಾಕೀನಿ" ಎಂದಳು ಹುಡುಗಿ. "ಪ್ರತಿ ವಾರ ಹಾಕೀನಿ."

"ಹಾಕಿದ್ರ ಹಿಂಗ ಆಗತಿರಲಿಲ್ಲ" ಎಂದೆ ನಾನು.

ಅಪ್ಪ ಅವಳಿಗೆ ನಮ್ಮ ಬಜಾರಿನ ನಡುವೆ ಕೊಂಕಣಿಯಲ್ಲಿ ಬೈದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅಪ್ಪನದನ್ನಲ್ಲ. ಆಮೇಲೆ ವಿಠೋಬಾ ಕೈ ಮುಗಿದು, "ತಪ್ಪು ನಮ್ಮದೇ ಸಾವಕಾರ" ಎಂದ. ಮುಂದಿನ ಸಂತೆಗೆ ಬಂದಾಗ ಒಂದು ಬುಟ್ಟಿ ಮುಡ್ಲಿ ಗೆಡ್ಡೆ ತಂದುಕೊಟ್ಟ, ನನಗೆ ತೊಂದರೆಯಾಯಿತೆಂದು. ಅದರ ಪಲ್ಯ ಮಾಡಿಸಿ ಉಂಡೆ. ರುಚಿಯಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಶಾರದಾ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ ಮಾತು: "ಆ ಹುಡುಗಿ ಹೆಸರೇನ್ರಿ?"

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಮರುದಿನ ಅವಳೇ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಕಟ್ಟಿ ಟೆಂಪೊಗೆ ಏರಿಸಿದಳು. ಬಲ್ಬಿನ ಪರೀಕ್ಷೆ ಬೇಡ, ಯಾವುದನ್ನು ನಡೆಸಬೇಕೋ ಅದನ್ನೇ ನಡೆಸಿ ನೋಡೋಣ ಎಂಬುದು ಅವಳ ಲೆಕ್ಕ. ಇಷ್ಟು ವರ್ಷ ಬ್ಯಾಟರಿ ಮಾರಿದ ನನಗೆ ಅದು ಹೊಳೆದಿರಲಿಲ್ಲ. ಇಮ್ತಿಯಾಜ್ ನಮ್ಮನ್ನು ಕಂಡವನೇ ಮೇಜನ್ನು ಗೋಡೆಯಿಂದ ದೂರ ಎಳೆದ. "ಬರ್ರಿ ಕಾಕಾ, ಈ ಸಲ ಆರಾಮ ಕೂತು ಕೆಳಗ ನೋಡ್ರಿ" ಎಂದ. ನಾನು ನೋಡಲಿಲ್ಲ. ನೋಡದೆ ಕೂರುವುದು ಬಹಳ ಕಷ್ಟವಾಯಿತು.

ಪೆಟ್ಟಿಗೆಯ ಮೇಲೆ ಇಪ್ಪತ್ತು ನಿಮಿಷವೆಂದು ಬರೆದಿತ್ತು. ನಡೆದದ್ದು ಒಂಬತ್ತು.

"ಇಪ್ಪತ್ತು ಅಂತ ಅವರು ಬರದಾರ, ನಾ ಬರದಿಲ್ಲ" ಎಂದ ಇಮ್ತಿಯಾಜ್. "ಬ್ಯಾಟರಿ ಕಪಾಟಿನ್ಯಾಗ ಕೂತು ಮುದುಕ ಆಗೈತಿ. ಒಂದು ವರ್ಷ ಬಂದೀತು. ಆಮ್ಯಾಲೆ ಒಳಗಿಂದು ಹೊಸಾದು ಹಾಕಸಬೇಕು. ಆ ಖರ್ಚು ಹಿಡದ ತಗೋರಿ, ಇಲ್ಲಾಂದ್ರ ಬ್ಯಾಡ್ರಿ."

ನಾನು ಶಾರದೆಯ ಮುಖ ನೋಡಿದೆ. "ಅರ್ಜಿ ಕಳಸಾಕ ನನಗ ಎರಡು ನಿಮಿಷ ಸಾಕ್ರಿ. ತಗೋತೇನಿ" ಎಂದಳು. ವ್ಯಾಪಾರ ಮುಗಿಯಿತು. ಮಾರುವವನು ಕುಂದನ್ನು ತಾನೇ ಬಾಯಿಬಿಟ್ಟು ಹೇಳಿದರೆ ಅರ್ಧ ದರ ಎಂಬುದು ನ್ಯಾಯದ ದರವಾಗುತ್ತದೆ. ಇಷ್ಟನ್ನು ಕಲಿಯಲು ನನಗೆ ಎಪ್ಪತ್ತು ವರ್ಷ ದಾಟಬೇಕಾಯಿತು. ಇಡೀ ಜಗತ್ತನ್ನು ನಾನು ನನ್ನ ಅಂಗಡಿಯೆಂದೇ ತಿಳಿದಿದ್ದೆ.

ಯಲ್ಲವ್ವನ ಅರ್ಜಿಯ ವಿಷಯಕ್ಕೆ ಶಾರದಾ ಇನ್ನೂ ಕಚೇರಿಗೆ ಓಡಾಡುತ್ತಿದ್ದಾಳೆ. ಏನಾಗುವುದೋ ತಿಳಿಯದು.

ನಾನು ಮಾತ್ರ ಇಂದು ಬೆಳಿಗ್ಗೆ ಜೊಯಿಡಾದ ಬಸ್ಸು ಹತ್ತಿದೆ. ಬಜಾರಿನ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ, ವಿಠೋಬಾ ಎದುರಿನ ಕಟ್ಟೆಯ ಮೇಲೆಯೇ ನಾಲ್ಕು ಜನರೊಡನೆ ಕೂತಿದ್ದ. ಕಿವಿ ಮಂದವಾಗಿದೆ, ಗುರುತು ಮಾತ್ರ ಮಂದವಾಗಿಲ್ಲ. "ಅರೆ, ಬ್ಯಾಟರಿ ಸಾವಕಾರ!" ಎಂದು ಪಕ್ಕದಲ್ಲಿ ಕೂರಿಸಿಕೊಂಡ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬಿಟ್ಟು, "ಆ ಬ್ಯಾಟರಿ ಅಷ್ಟು ಛಲೋ ಇರಲಿಲ್ಲ" ಎಂದು ಗೊಣಗಿದೆ.

"ಬಿಡ್ರಿ ಸಾವಕಾರ" ಎಂದು ಅವನು ನಕ್ಕ. "ನಮ್ಮ ಮರಗುಳಿ ಮಗಳು ನೀರು ಹಾಕೂದ ಮರತ್ಲು, ನೀವೇನು ಮಾಡ್ತೀರಿ? ಈಗೂ ಮನ್ಯಾಗ ಎಲ್ಲಾರೂ ಅಕಿನ್ನ ಮರಗುಳಿ ಅಂತಾನಾ ಕರೀತೇವಿ. ಮುಂಡಗೋಡದ ಕಡೆ ಮಳಗಿ ಊರಿಗೆ ಮದವಿ ಮಾಡಿ ಕೊಟ್ಟೀವಿ, ಎರಡು ಮಕ್ಕಳು. ಅಲ್ಲಿ ಸೊಸೈಟಿ ಬಾಗಲದ ಕೀಲಿ ಕೂಡ ಅಕಿ ಕೈಯಾಗ ಐತಂತ. ಇಂಥಾಕಿಗೆ ಹೆಂಗ ಕೊಟ್ಟಾರೋ!"

ಅವಳ ಹೆಸರು ಕೇಳಿದೆ. ಸುಮಿತ್ರಾ. ಅವಳೊಂದಿಗೆ ಮಾತಾಡಬೇಕು ಎಂದೆ. ಅವನು ಫೋನು ಹಚ್ಚಿ, "ಮರಗುಳೀ, ಯಾರು ಬಂದಾರ ನೋಡು" ಎಂದು ನನ್ನ ಕೈಗೆ ಕೊಟ್ಟ.

ದನಿ ತಗ್ಗಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ನೀರು ಸರಿಯಾಗಿ ಇದ್ದದ್ದು, ನಾನು ನೋಡಿದ್ದು, ಮುಚ್ಚಳ ಹಾಕಿದ್ದು. ಆ ಕಡೆ ಪಾತ್ರೆಯ ಸದ್ದು ನಿಂತಿತು.

"ನಾ ನೀರು ಹಾಕಿದ್ದು ನನಗ ಗೊತ್ತೈತ್ರಿ" ಎಂದಳು. "ನೀವು ನೋಡಿದ್ದೂ ಗೊತ್ತೈತಿ. ಗೊತ್ತಿಲ್ಲದ್ದು ಬಾಬಾಗ. ಫೋನು ಇಡಬ್ಯಾಡ್ರಿ. ಅವರಿಗೆ ಹೇಳ್ರಿ, ನನಗೂ ಕೇಳೂಹಂಗ."

ನಾನು ಫೋನನ್ನು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲಿಟ್ಟು, ವಿಠೋಬಾನ ಮಂದ ಕಿವಿಗೆ ತಾಗುವ ಹಾಗೆ, ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಕೂಗಿ ಹೇಳಿದೆ: "ಸುಮಿತ್ರಾ ನೀರು ಹಾಕಿದ್ದಳು. ಸುಳ್ಳು ಹೇಳಿದಾವ ನಾನು."

"ಆಂ?" ಎಂದು ಅವನು ಕಿವಿಗೆ ಕೈ ಹಚ್ಚಿದ.

ಮತ್ತೊಮ್ಮೆ ಹೇಳಿದೆ, ಇನ್ನೂ ಜೋರಾಗಿ.