ಅಡುಗೆಮನೆಯಲ್ಲೊಂದು ಗುಡ್ಡ

ಮೊನ್ನೆಮೊನ್ನೆಯವರೆಗೂ ನನ್ನ ಅಡುಗೆಮನೆಗೆ ಬಂದು ನೀವು ಸಾಸಿವೆ ಕೇಳಿದ್ದರೆ ಹುಡುಕಿಕೊಡಲು ನನಗೇ ಸ್ವಲ್ಪ ಹೊತ್ತು ಬೇಕಿತ್ತು, ಏಕೆಂದರೆ ಕಪಾಟಿನ ಮೂರು ಅಂತಸ್ತುಗಳಲ್ಲಿ ಎರಡನ್ನು ಮಣ್ಣೇ ಹಿಡಿದುಕೊಂಡಿದೆ. ಹಾರ್ಲಿಕ್ಸಿನ ಹಳೆಯ ಗಾಜಿನ ಬಾಟಲಿಗಳಲ್ಲಿ, ನೆರಳಲ್ಲಿ ಒಣಗಿಸಿ ಜರಡಿ ಹಿಡಿದ ಕಾಡಿನ ಮಣ್ಣು. ನಾನು ನಿವೃತ್ತನಾದ ವರ್ಷ ಪ್ರಯೋಗಶಾಲೆಯಲ್ಲಿ ಜಾಗವಿಲ್ಲವೆಂದು ಅವನ್ನೆಲ್ಲ ಎಸೆಯಲು ಹೊರಟಿದ್ದರು. ತಡೆಯಲಾರದೆ ಆಟೊದಲ್ಲಿ ಹೇರಿಕೊಂಡು ಕುದ್ರೋಳಿಯ ಈ ಫ್ಲ್ಯಾಟಿಗೆ ತಂದೆ. ಮದುವೆಯಾಗದವನ ಮನೆಯಲ್ಲಿ ಬೇಡವೆನ್ನುವವರು ಯಾರಿದ್ದರು?

ನಮ್ಮ ಮಹಡಿಯವರು ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ. ಎದುರುಮನೆಯ ಸರೋಜಕ್ಕ ಮೊದಲ ವಾರವೇ ಮೊಣಕಾಲು ನೋವೆಂದು ಬಂದಿದ್ದರು. ನನ್ನದು ಮಣ್ಣಿನ ಡಾಕ್ಟರಿಕೆ ಎಂದು ತಿಳಿದಾಗ, ಅರ್ಚಕರ ಮನೆತನದ ಆ ಹಿರಿಯಾಕೆ ಅಯ್ಯೋ ಪಾಪ ಎಂಬಂತೆ ನೋಡಿ ಹೋದರು.

ಆ ಡಾಕ್ಟರಿಕೆಯ ವರದಿಗಳನ್ನೆಲ್ಲ ಹಿಂಡಿದರೆ ಸಿಗುವುದು ಒಂದೇ ಮಾತು: ಕಾಡಿಗೆ ಕೈಹಾಕಬೇಡಿ, ಬಿದ್ದ ಎಲೆ ಬಿದ್ದಲ್ಲೇ ಕೊಳೆಯಲಿ. ತರಗೆಲೆ ಗುಡಿಸಿ ಒಯ್ಯದೆ ಬಿಟ್ಟ ನೆಲ ತಾನಾಗಿ ಮೆತ್ತಗಾಗುವುದನ್ನು ವರ್ಷಾನುಗಟ್ಟಲೆ ಅಳೆದವನು ನಾನು. ದಡ್ಡತನವೆಂದರೆ ಅದೇ ಸೂತ್ರವನ್ನು ಬದುಕಿಗೂ ಹಚ್ಚಿಕೊಂಡೆ. ಯಾರ ಬದುಕಿಗೂ ಕೈಹಾಕಲಿಲ್ಲ, ನನ್ನದಕ್ಕೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಕಾಡು ಸೊಂಪಾಯಿತು, ನಾನು ಒಂಟಿಯಾದೆ. ಸಂಜೆ ಬಾಗಿಲು ತೆರೆದು ದೀಪ ಹಾಕುವಾಗ ನನ್ನದೇ ಕೆಮ್ಮು ಕೇಳಿ ಬೆಚ್ಚುವುದುಂಟು.

ಮಳೆಗಾಲದಲ್ಲಿ ಡೆಂಗಿಯಾಗಿ ಆಸ್ಪತ್ರೆ ಸೇರಿದಾಗ ಮನೆಯ ಬೀಗದ ಕೈಯನ್ನು ಸರೋಜಕ್ಕನಿಗೆ ಕೊಡಲೇಬೇಕಾಯಿತು. ಗುಣವಾಗಿ ಬಂದ ಮೇಲೆ ಅದನ್ನು ವಾಪಸು ಕೇಳುವುದು ಹೇಗೆಂದು ಯೋಚಿಸುತ್ತಲೇ ದಿನ ಕಳೆಯಿತು.

ಅಷ್ಟರಲ್ಲಿ ನನ್ನ ಹಳೆಯ ಕಚೇರಿಯ ಯುವ ವಿಜ್ಞಾನಿಯೊಬ್ಬಳ ಫೋನ್ ಬಂತು. ನಾವು ಹಿಂದೆ ಓಡಾಡಿದ ಗುಡ್ಡವೊಂದರ ಅಕೇಶಿಯಾ ತೋಪು ಕಡಿಯುವ ವಯಸ್ಸಿಗೆ ಬಂದಿತ್ತು. ಮತ್ತೆ ಅಕೇಶಿಯಾವನ್ನೇ ನೆಡುವುದೋ, ಹಳೆಯ ಕಾಡು ತಾನಾಗಿ ಚಿಗುರಲೆಂದು ಬಿಡುವುದೋ ಎಂದು ತೀರ್ಮಾನಿಸಲು ಸಭೆ ಕರೆದಿದ್ದರು. ತೋಪು ಬರುವ ಮೊದಲು ಆ ನೆಲದಲ್ಲಿ ಎಷ್ಟು ಸಾರವಿತ್ತೆಂದು ಹೊಸ ಯಂತ್ರದಲ್ಲಿ ಅಳೆದು ತೋರಿಸಿದರೆ ಮಾತ್ರ ಕಾಡಿನ ಪರವಾದ ನಮ್ಮ ಮಾತು ನಡೆಯುತ್ತಿತ್ತು. ಆ ಕಾಲದ ಮಣ್ಣು ಉಳಿದದ್ದು ಮುಚ್ಚಳದಲ್ಲಿ ಏಳು ಎಂದು ಗೀಚಿದ ನನ್ನ ಬಾಟಲಿಯೊಂದರಲ್ಲೇ. ಕಪಾಟಿನಲ್ಲಿ ಜಾಗ ಸಾಲದೆ ಅದನ್ನು ಅಮ್ಮನ ಕಾಲದ ಗಣಪತಿ ಪಟದ ಪಕ್ಕ ಇಟ್ಟಿದ್ದೆ. ನೋಡಿದರೆ ಗಣಪತಿ ಇದ್ದಾನೆ, ಬಾಟಲಿ ಇಲ್ಲ.

ಮನೆಯೆಲ್ಲ ತಡಕಾಡಿ ಕಡೆಗೆ ಎದುರುಮನೆ ಬಾಗಿಲು ತಟ್ಟಿದೆ. ಸರೋಜಕ್ಕ ದೇವರ ಕೋಣೆಗೆ ಹೋಗಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅರ್ಧ ಖಾಲಿ.

"ಸುಬ್ರಹ್ಮಣ್ಯದ ಮೃತ್ತಿಕೆ ಅಲ್ವಾ ಡಾಕ್ಟ್ರೇ? ಅಡುಗೆಮನೆಯಲ್ಲಿ ಮುಸುರೆ ತಾಗ್ತದೆ ಅಂತ ಇಲ್ಲಿ ತಂದಿಟ್ಟೆ" ಎಂದರು.

ಹುತ್ತದ ಮಣ್ಣನ್ನು ಪ್ರಸಾದವೆಂದು ಹಣೆಗಿಡುವ ಮನೆ ಅದು. ಕಡಲ ಗಾಳಿಗೆ ಅಕ್ಷರ ಮಾಸಿದ ನನ್ನ ಲೇಬಲ್ ಬೇರೇನನ್ನು ಹೇಳೀತು? ದಿನವೂ ಮಿಂದು ಬಂದು, ನನ್ನ ಜ್ವರ ಇಳಿಯಲೆಂದು ಚಿಟಿಕೆ ಮಣ್ಣನ್ನು ಹಣೆಗಿಟ್ಟುಕೊಂಡು ಬೇಡುತ್ತಿದ್ದರಂತೆ. ಇಳಿದ ಮೇಲೆ ಮರುಕಳಿಸದಿರಲೆಂದು ಮುಂದುವರಿಸಿದ್ದರಂತೆ.

ಸುಳ್ಳೇಕೆ, ಮೊದಲು ಸಿಟ್ಟು ನೆತ್ತಿಗೇರಿತು. ಒಂದು ಗುಡ್ಡದ ಸಾಕ್ಷಿಯನ್ನು ಹಣೆಗೆ ಬಳಿದು ಮುಗಿಸುತ್ತಿದ್ದಾರಲ್ಲ ಎಂದು. ಆಮೇಲೆ, ನಾನು ಆಸ್ಪತ್ರೆಯಲ್ಲಿ ಯಾರೂ ನೋಡಲು ಬರಲಿಲ್ಲವೆಂದು ಗೋಡೆಗೆ ಮುಖಮಾಡಿ ಮಲಗಿದ್ದ ದಿನಗಳಲ್ಲಿ ಇಲ್ಲೊಬ್ಬರು ನನ್ನ ಹೆಸರು ಹೇಳುತ್ತಿದ್ದರೆಂಬುದು ನಿಧಾನಕ್ಕೆ ಒಳಗಿಳಿಯಿತು.

"ಇದು ಮೃತ್ತಿಕೆ ಅಲ್ಲ ಸರೋಜಕ್ಕ, ಗುಡ್ಡದ ಮಣ್ಣು" ಎಂದೆ.

ಅವರು "ತಪ್ಪಾಯ್ತು. ಆದರೆ ಜ್ವರ ಬಿಟ್ಟಿತಲ್ಲ?" ಎಂದರು. ಆ ಗುಡ್ಡದಲ್ಲಿ ಎಂತ ಉಂಟೆಂದೂ ಕೇಳಿದರು. ಹಾಗೆ ಕೇಳಿದವರು ಈ ಕಟ್ಟಡದಲ್ಲಿ ಅವರೊಬ್ಬರೇ. ತೋಪಿಗೆ ಮೊದಲು ಅಲ್ಲಿದ್ದ ಕುಂಟಾಲ, ನೇರಳೆ ಮರಗಳನ್ನು ನಾನು ಹೇಳುತ್ತಲೇ ಹೋದೆ, ಅವರು ಕಾಫಿ ತಂದಿಟ್ಟರು.

ಒದ್ದೆ ಬೆರಳು ಸೋಕಿದ ಮಣ್ಣನ್ನು ಮತ್ತೆ ಒಣಗಿಸಿದರಾಯಿತು, ಪರೀಕ್ಷೆಗೆ ಉಳಿದದ್ದೇ ಧಾರಾಳ. ಆದರೆ ಬಾಟಲಿ ಬೇರೆ ಕೈ ಸೇರಿತ್ತೆಂದು ಬರೆಯಬೇಕೇ? ಬರೆದರೆ ಸಭೆಯಲ್ಲಿ ಯಾರಾದರೂ ನಕ್ಕು ಮಣ್ಣನ್ನೇ ತಳ್ಳಿಹಾಕಬಹುದು, ಗುಡ್ಡಕ್ಕೆ ಮತ್ತೆ ಅಕೇಶಿಯಾ ಬರಬಹುದು. ಬರೆಯದಿದ್ದರೆ ಜನ್ಮವಿಡೀ ಬರೆದ ಲೇಬಲ್ಲುಗಳೆಲ್ಲ ಸುಳ್ಳಾಗುತ್ತವೆ. ಪರೀಕ್ಷೆಗೆ ಕಟ್ಟಿದ ಪೊಟ್ಟಣದ ಹೊಸ ಲೇಬಲ್ಲಿನಲ್ಲಿ ಸ್ಥಳ, ಆಳ, ದಿನಾಂಕಗಳ ಕೆಳಗೆ ಬರೆದೆ: ಕೆಲವು ತಿಂಗಳು ಎದುರುಮನೆಯ ಸರೋಜಕ್ಕನ ದೇವರ ಕೋಣೆಯಲ್ಲಿತ್ತು, ಸ್ವಲ್ಪ ಹಣೆಗೆ ಹಚ್ಚಲಾಗಿದೆ. ನನ್ನ ಲೇಬಲ್ಲಿನಲ್ಲಿ ಮನುಷ್ಯರ ಹೆಸರು ಬಿದ್ದದ್ದು ಅದೇ ಮೊದಲು.

ಸಭೆ ಇನ್ನೂ ನಡೆದಿಲ್ಲ. ಪೊಟ್ಟಣವನ್ನು ಕಚೇರಿಗೆ ಕಳಿಸಿ, ಒಂದು ಚಮಚ ಮಣ್ಣನ್ನು ಬಾಟಲಿಯಲ್ಲೇ ಉಳಿಸಿ ಸರೋಜಕ್ಕನಿಗೆ ಕೊಟ್ಟುಬಂದೆ. ಗಣಪತಿಯ ಪಕ್ಕದ ಆ ಖಾಲಿ ಜಾಗದಲ್ಲಿ ಈಗ ಸಾಸಿವೆ ಡಬ್ಬಿ ಕೂತಿದೆ. ನೀವು ಬಂದರೆ ತಟ್ಟನೆ ತೆಗೆದುಕೊಟ್ಟೇನು. ನಾನಿಲ್ಲದಿದ್ದರೆ ಎದುರುಮನೆಯಲ್ಲಿ ಕೇಳಿ, ಬೀಗದ ಕೈ ಅಲ್ಲೇ ಇದೆ.