ಅಮ್ಮ ಬಿಸಿ ಅನ್ನ ಉಂಡ ಭಾನುವಾರ

ಪಕ್ಕದ ಮನೆಯಿಂದ ಮೆಣಸು ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಸುಸ್ತಾಗುತ್ತದೆ.

ಮಡಂತ್ಯಾರಿನ ನಮ್ಮ ಮನೆಯಲ್ಲಿ ಭಾನುವಾರ ರಾತ್ರಿಗೆ ಕೋಳಿಸಾರು, ರೊಟ್ಟಿ. ಅಮ್ಮ ಮಸಾಲೆ ಅರೆದು, ಗಂಡಸರಿಗೆಲ್ಲ ಬಡಿಸಿ, ಕೊನೆಗೆ ತಣ್ಣಗಾದ ಸಾರಷ್ಟೇ ಉಣ್ಣುತ್ತಿದ್ದಳು. ನೆರೆಯ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಹೆಂಗಸರೂ ಸೇರಿ ಎಲ್ಲರ ಊಟ ಮುಗಿಯುತ್ತಿತ್ತು.

ಒಂದು ಭಾನುವಾರ ಸಂಜೆ ಅಮ್ಮ ಅರೆಯುವುದನ್ನು ಅರ್ಧಕ್ಕೇ ಬಿಟ್ಟು ಅವರ ಜಗಲಿಯಲ್ಲಿ ಹೋಗಿ ಕುಳಿತಳು. ಆ ಮನೆಯ ಪದ್ಮಕ್ಕ, "ಬನ್ನಿ, ಉಣ್ಣುವ," ಎಂದು ಬಿಸಿ ಅನ್ನ ಬಡಿಸಿದರು.

ಅಪ್ಪ ಅಂಗಳದಿಂದ ಕೂಗಿದರು: "ಮಸಾಲೆ ಯಾರು ಅರೆಯುವುದು?"

"ಉಂಡು ಬರ್ತೇನೆ," ಎಂದಳು ಅಮ್ಮ. ಏಳಲಿಲ್ಲ.

ಅಪ್ಪ ಮಗಳಾದ ನನ್ನತ್ತ ತಿರುಗಿದರು. ನಾನು ಅರೆದೆ. ಅಂದಿನಿಂದ ಆ ಕೆಲಸ ನನ್ನದಾಯಿತು.

ಆಗ ಅಮ್ಮನ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗ ನನಗೂ ವಯಸ್ಸಾಯಿತು. ಅವಳು ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕುಳಿತಿರಬೇಕಿತ್ತು ಎನಿಸುತ್ತದೆ.