ತಂಗಿ ಇಲ್ಲ ಎಂದವಳು ನಾನು

ನನಗೆ ತಂಗಿ ಇಲ್ಲ ಎಂದು ನಾನು ಹೇಳಿದೆ. ಇದ್ದ ತಂಗಿಯನ್ನು — ಅವಳಿಗೆ ನನ್ನದೊಂದು ಮಾತು ಬೇಕಾಗಿದ್ದ ಹೊತ್ತಿನಲ್ಲೇ — ಫೋನಿನಲ್ಲಿ ಇಲ್ಲ ಎಂದೆ.

ಮಂಜುಳಾ ನನಗಿಂತ ಚಿಕ್ಕವಳು. ಗಂಡು ಮಗು ಎಂದು ಮನೆಯವರು ಇಟ್ಟ ಹೆಸರು ಮಂಜುನಾಥ. ಆದರೆ ಅವಳು ಹೆಣ್ಣೆಂದು ನನಗೆ ಮೊದಲಿಂದಲೂ ಗೊತ್ತಿತ್ತು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದ ಮೇಲೆ ನಮ್ಮೂರು ಬಾಡದಲ್ಲಿ ಗಂಡಸರು ದೋಣಿ ಚಪ್ಪರದಡಿ ಇಸ್ಪೀಟಿಗೆ ಕೂರುತ್ತಿದ್ದರು. ಹೆಂಗಸರು ನಾವು ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿ, ಹುಣಸೆಬೀಜ ಪಣಕ್ಕಿಟ್ಟು ಆಡುತ್ತಿದ್ದೆವು. ಅವಳು ಬರುತ್ತಿದ್ದುದು ನಮ್ಮ ಚಾಪೆಗೆ.

"ನಿನ್ನ ಚಾಪೆ ಅತ್ಲಾಗಲ್ದನಾ?" ಎಂದು ಚಿಕ್ಕಮ್ಮ ಗಂಡಸರ ಚಪ್ಪರದತ್ತ ಕೈ ತೋರಿಸಿ ಕೆಣಕಿದರೆ ಅಮ್ಮ ನಗುತ್ತಿದ್ದಳು. "ಕೂತ್ಕಳ್ಲಿ ಬಿಡೆ. ಸೋಲ್ತೆ ಅಂತ ಹೆದ್ರಿಕೆ ನಿಂಗೆ."

ನಿಜಕ್ಕೂ ನಾವೆಲ್ಲ ಸೋಲುತ್ತಿದ್ದೆವು. ಎದುರಿನವರ ಮುಖ ನೋಡಿಯೇ ಕೈಯಲ್ಲಿರುವ ಎಲೆ ಹೇಳಿಬಿಡುತ್ತಿದ್ದಳು.

ಮುಂದೆ ಅವಳು ಹೆಂಗಸಾಗಿಯೇ ಬದುಕತೊಡಗಿದಳು. ಭಟ್ಕಳದಲ್ಲಿ ಬಟ್ಟೆ ಹೊಲಿಯುತ್ತ ಪೋಕರ್ ಕಲಿತಳು. ಗೋವಾದ ಒಂದು ಕ್ಲಬ್ಬಿನವರು ಹೆಂಗಸರಿಗೇ ಅಂತ ಪಂದ್ಯ ಇಟ್ಟಾಗ ಹೆಸರು ಕೊಟ್ಟಳು. ಗುರುತಿನ ಚೀಟಿಯಲ್ಲಿ ಹೆಣ್ಣು ಎಂದಿರಬೇಕು ಎಂಬುದು ಅವರ ನಿಯಮ. ಅವಳ ಚೀಟಿ ಇನ್ನೂ ತಿದ್ದುಪಡಿಯಾಗಿ ಬಂದಿರಲಿಲ್ಲ. ಈ ಒಂದು ಸಲಕ್ಕೆ ಮನೆಯವರು ಯಾರಾದರೂ ಹೌದು ಎಂದರೆ ಕೂರಿಸುತ್ತೇವೆ ಎಂದಿದ್ದರು.

"ಅಕ್ಕಾ, ಅವ್ರು ಫೋನ್ ಮಾಡ್ತ್ರು. ನನ್ನ ತಂಗಿ ಹೌದು ಅಂದ್ರೆ ಸಾಕು."

"ಆತೇ ಮಾರಾಯ್ತಿ, ಹೇಳ್ತೆ."

ನಾನು ಅವಳಿಗೆ ಮಾರಾಯ್ತಿ ಎಂದಿದ್ದು ಅದೇ ಮೊದಲು. "ಇನ್ನೊಂದ್ ಸಲ ಹೇಳೇ ಅಕ್ಕಾ," ಎಂದಳು ಅವಳು ಆಚೆ ಕಡೆಯಿಂದ.

ಪಂದ್ಯದ ದಿನವೇ ಮಾವಿನಕುರ್ವೆ ಊರಿನ ಗಂಡಿನ ಕಡೆಯವರು ನನ್ನ ಮಗಳು ಶ್ವೇತಾಳನ್ನು ನೋಡಲು ಬಂದರು. ಹೇಳಿದ್ದಕ್ಕಿಂತ ಬೇಗ ಬಂದರು. ನಾನಿನ್ನೂ ಹಿತ್ತಲಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಮೀನು ಕೊಯ್ಯುತ್ತಿದ್ದೆ. ಹುಡುಗನ ತಾಯಿ ಅಲ್ಲಿಗೇ ಬಂದು ನಿಂತಳು. ಫೋನು ಬಡಿಯಿತು. ಮೀನಿನ ಕೈಯಲ್ಲಿ ಫೋನು ಹಿಡಿಯುವವರು ನಾವಲ್ಲ — ಪೇಟೆಯಲ್ಲಿ ಮೀನು ಮಾರಲು ಕೂತಾಗಲೂ ಸ್ಪೀಕರಿಗೆ ಹಾಕಿಯೇ ಮಾತು, ಸಾಲಿಗೆ ಸಾಲೇ ಕೇಳುತ್ತದೆ. ಅದೇ ರೂಢಿಯಲ್ಲಿ ಶ್ವೇತಾಗೆ "ಒತ್ತೇ" ಎಂದುಬಿಟ್ಟೆ.

"ಮಂಜುಳಾ ನಿಮ್ಮ ತಂಗಿಯಾ? ಹೆಂಗಸರ ಪಂದ್ಯಕ್ಕೆ ಬಂದಿದ್ದಾರೆ. ಮೊದಲು ಗಂಡಸಾಗಿದ್ದರಂತಲ್ಲ—"

ಹುಡುಗನ ತಾಯಿ ನನ್ನ ಮುಖ ನೋಡಿದಳು.

"ನಂಗೆ ತಂಗಿ ಇಲ್ಲ," ಎಂದೆ.

"ಯಾರದ್ದೇ ಫೋನು?" ಹುಡುಗನ ತಾಯಿ ಕೇಳಿದಳು.

"ಯಾರೋ ತಪ್ಪಿ ಮಾಡಿದ್ದು."

ಶ್ವೇತಾ ತಲೆ ತಗ್ಗಿಸಿದಳು. ಚಿಕ್ಕಂದಿನಲ್ಲಿ ಅವಳನ್ನು ಸೊಂಟದಿಂದ ಇಳಿಸದೆ ಎತ್ತಿಕೊಂಡು ತಿರುಗಿದವಳು ಮಂಜುಳಾ.

ಬಾಯಿ ತಪ್ಪಿ ಬಂದ ಮಾತು ಎಂದು ಹೇಳಲಾರೆ. ಅವರು ಊಟ ಮಾಡಿ ಹೋದ ಮೇಲೂ ಹೊತ್ತಿತ್ತು. ಪಂದ್ಯ ಸಂಜೆಗೆ. ನಂಬರು ಫೋನಿನಲ್ಲೇ ಇತ್ತು. ಹುಣಸೆಹಣ್ಣು ಹಚ್ಚಿ ಕೈ ತೊಳೆದೆ, ವಾಸನೆ ಹೋಯಿತೋ ಎಂದು ಮೂಸಿ ನೋಡಿದೆ, ಮತ್ತೆ ತೊಳೆದೆ. ಫೋನು ಮುಟ್ಟಲಿಲ್ಲ.

ಹೆಂಗಸರ ಟೇಬಲ್ಲಿನಿಂದ, ಎಲ್ಲರೂ ನೋಡುತ್ತಿದ್ದಂತೆ, ಮಂಜುಳಾಳನ್ನು ಎಬ್ಬಿಸಿ ಕಳಿಸಿದರಂತೆ. ಮರುದಿನ ಫೋನ್ ಮಾಡಿದಳು. ಬೈಯಲಿಲ್ಲ. "ಅಕ್ಕಾ, ಆವಾಗ ಹತ್ರ ಯಾರಾದ್ರೂ ಇದ್ರಾ?" ಎಂದಷ್ಟೇ ಕೇಳಿದಳು. ನಮ್ಮ ಸ್ಪೀಕರಿನ ರೂಢಿ ಗೊತ್ತಿದ್ದವಳು — ನಾನು ತಪ್ಪಿಸಿಕೊಳ್ಳಲು ದಾರಿ ತಾನೇ ತೆರೆದುಕೊಟ್ಟಳು. ಹೌದು ಎಂದರೆ ಯಾರು, ಎಂತಕ್ಕೆ ಬಂದಿದ್ದರು ಎಂದು ಹೇಳಬೇಕಾಗುತ್ತಿತ್ತು. ಮದುವೆಗೆ ಅವಳನ್ನು ಕರೆಯುವ ಮಾತು ಬರುತ್ತಿತ್ತು.

"ಇಲ್ಲ, ಯಾರೂ ಇರ್ಲಿಲ್ಲ," ಎಂದೆ.

ಆಮೇಲೆ ಅವಳು ಫೋನ್ ಮಾಡಲಿಲ್ಲ. ಒಬ್ಬಳೇ ಇದ್ದಾಗಲೂ ಅಕ್ಕ ತನ್ನನ್ನು ಇಲ್ಲ ಎಂದಳು — ಅವಳು ತಿಳಿದುಕೊಂಡಿರುವುದು ಅದನ್ನೇ. ಕ್ಲಬ್ಬಿನವರು ನಿಯಮ ಬಿಗಿ ಮಾಡಿ, ಹುಟ್ಟಿನಿಂದ ಹೆಣ್ಣಾದವರಿಗೆ ಮಾತ್ರ ಎಂದು ಹಾಕಿದ್ದಾರಂತೆ. ಮನೆಯವರೇ ಒಪ್ಪದವರನ್ನು ನಾವು ಹೇಗೆ ಒಪ್ಪುವುದು ಎಂದರಂತೆ. ನಾನು ನೋಡದ, ಹೆಸರೂ ಗೊತ್ತಿಲ್ಲದ ಅವಳಂಥ ಎಷ್ಟು ಜನರ ಕುರ್ಚಿ ಹೋಯಿತೋ —

ಶ್ವೇತಾಳ ಮದುವೆ ಅದೇ ಮನೆಗೆ ಆಯಿತು. ಮಂಜುಳಾಳನ್ನು ಕರೆಯಲಿಲ್ಲ. ಈಗ ಶ್ವೇತಾ ಬಸುರಿ. ಬರುವ ಭಾನುವಾರ ಬೀಗರು ಊಟಕ್ಕೆ ಬರುತ್ತಾರೆ. ಮಂಜುಳಾ ನನ್ನ ತಂಗಿ ಎಂದು ತಿಳಿದ ಮೇಲೆ ಮಗಳನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೋ ಗೊತ್ತಿಲ್ಲ. ಶ್ವೇತಾ ಮಾತ್ರ "ಫೋನ್ ಮಾಡಮ್ಮಾ" ಎಂದಿದ್ದಾಳೆ.

ಅವರ ಎದುರೇ ಮೀನು ಕೊಯ್ಯಲು ಕೂರುತ್ತೇನೆ. ಮಂಜುಳಾಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕು ಎಂದು ಶ್ವೇತಾಗೆ ಹೇಳುತ್ತೇನೆ. ಅವಳು ಎತ್ತದೆ ಇರಬಹುದು. ಸುಮ್ಮನೆ ಬಡಿಯುತ್ತಿರುತ್ತದೆ. ಯಾರಿಗೇ ಫೋನು ಎಂದು ಬೀಗಿತ್ತಿ ಕೇಳೇ ಕೇಳುತ್ತಾಳೆ.

ನನ್ನ ತಂಗಿಗೆ — ಅಷ್ಟು ಹೇಳಬೇಕು.